ಹೆಚ್ಚಾಗಿ ಕಂಡ ಕಪ್ಪು ವೈರು

ಕೊಂಡಪ್ಪನ ಕೈ ಸುಮ್ಮನೆ ಕೂರುವ ಕೈಯಲ್ಲ. ಮದುವೆ ಮನೆಗೆ ಹೋದರೆ ವಾಲಿದ ತೋರಣವನ್ನು ನೆಟ್ಟಗೆ ಮಾಡಿಯೇ ಊಟದ ಎಲೆಯ ಮುಂದೆ ಕೂರುತ್ತಿದ್ದ. ಬಸ್ಸು ಹತ್ತಿದರೆ ಮುಂದಿನ ಸೀಟಿನಿಂದ ಹೊರಗೆ ಬಂದ ದಾರದ ಚೂರು ಅವನ ಕಣ್ಣಿಗೇ ಬೀಳಬೇಕು. ಅದನ್ನು ಒಳಗೆ ತುರುಕುವವರೆಗೆ ಇಳಿಯುವ ಊರು ಬಂದದ್ದೂ ತಿಳಿಯುತ್ತಿರಲಿಲ್ಲ. ನಲವತ್ತು ವರ್ಷ ಹಿಂದೂಪುರದ ಮಗ್ಗಗಳಿಗೆ ಅಚ್ಚು ಕೆಚ್ಚಿದ ಕೈ ಅದು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳ ಹಳೆಯ ಹಾಸು ಮುಗಿಯುತ್ತಾ ಬಂದಾಗ, ಅದರ ಒಂದೊಂದು ಎಳೆಯ ತುದಿಗೂ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಸೋಕಿಸಿದ ಬೆರಳಲ್ಲಿ ಹೊಸೆದು ಸೇರಿಸುವ ಕೆಲಸಕ್ಕೆ ಅಚ್ಚು ಕೆಚ್ಚುವುದು ಎನ್ನುತ್ತಾರೆ. ಒಂದು ಸೀರೆಯ ಹಾಸಿಗೆ ನಾಲ್ಕೈದು ಸಾವಿರ ಎಳೆ. ಒಂದೆಳೆಗೆ ಎರಡೆಳೆ ಸೇರಿಬಿಟ್ಟರೆ ಸೀರೆಯ ಉದ್ದಕ್ಕೂ ಗೆರೆ ಬೀಳುತ್ತದೆ, ಸಾಹುಕಾರ ಸೀರೆಯನ್ನು ಮುಖದ ಮೇಲೆ ಎಸೆಯುತ್ತಾನೆ. ಕೊಂಡಪ್ಪ ಕೆಚ್ಚಿದ ಸೀರೆಯನ್ನು ಯಾರೂ ಯಾರ ಮುಖದ ಮೇಲೂ ಎಸೆದಿರಲಿಲ್ಲ.

ಐದು ವರ್ಷದ ಹಿಂದೆ ಊರಿಗೆ ಗಂಟು ಹಾಕುವ ಮೆಷಿನ್ ಬಂತು. ಕೊಂಡಪ್ಪ ಇಡೀ ದಿನ ಮಾಡುತ್ತಿದ್ದುದನ್ನು ಅದು ಕಾಫಿ ಕುಡಿದು ಬರುವುದರೊಳಗೆ ಮಾಡಿ ಮುಗಿಸುತ್ತಿತ್ತು. ಮೊದಮೊದಲು ಹಳೆಯ ಪರಿಚಯದ ಮೇಲೆ ನಾಲ್ಕಾರು ಮಂದಿ ಕರೆದರು. ಆಮೇಲೆ ಅವರೂ ಬಿಟ್ಟರು. ಮನೆಯಲ್ಲಿ ಊಟಕ್ಕೇನೂ ತೊಂದರೆ ಇರಲಿಲ್ಲ. ಮಗಳು ಹರಿತಾ ಪವರ್‌ಲೂಮ್ ಶೆಡ್ಡುಗಳಲ್ಲಿ, ಸೀರೆಗೆ ಹೂಬಳ್ಳಿ ಮೂಡಿಸುವ ಜಕಾರ್ಡಿನ ಎಲೆಕ್ಟ್ರಾನಿಕ್ ಬೋರ್ಡು ರಿಪೇರಿ ಮಾಡಿ ಚೆನ್ನಾಗಿಯೇ ದುಡಿಯುತ್ತಿದ್ದಳು. ತೊಂದರೆಯಾದದ್ದು ಕೈಗೆ. ಮಾಡಲು ಕೆಲಸವಿಲ್ಲದ ಕೈ ಹೆಂಡತಿ ಚಿನ್ನಕ್ಕನ ಅಡುಗೆಮನೆಗೆ ನುಗ್ಗಿತು. ಅವಳು ಡಬ್ಬಿಗಳನ್ನು ಒಂದು ಕಡೆ ಇಟ್ಟರೆ ಇವನು ಎತ್ತರದ ಪ್ರಕಾರ ಇನ್ನೊಂದು ಕಡೆ ಇಡುತ್ತಿದ್ದ. ಉಪ್ಪು ಸಿಗದೆ ಸಾರು ಕೆಟ್ಟ ದಿನ ಚಿನ್ನಕ್ಕ ಸೌಟು ತೋರಿಸಿ ಹೊರಗೆ ಅಟ್ಟಿದಳು.

ಹೊರಗೆ ಅಟ್ಟಿಸಿಕೊಂಡವನು ಹೋಗಿ ನಿಂತದ್ದು ಮಗಳ ಮೇಜಿನ ಹತ್ತಿರ. ಕಿಟಕಿಯ ಕೆಳಗಿನ ಆ ಮೇಜಿನ ಮೇಲೆ ಹರಿತಾಳ ಇನ್ನೊಂದು ಲೋಕ ಹರಡಿಕೊಂಡಿರುತ್ತಿತ್ತು. ಮೊಣಕೈಯುದ್ದದ ರಿಮೋಟ್ ಕಾರು, ಅದರ ಚಕ್ರ, ಗೇರು, ಮೋಟರು, ಬ್ಯಾಟರಿ. ಇಪ್ಪತ್ತೇಳರ ಹೆಣ್ಣುಮಗಳು ಆಟಿಕೆ ಕಾರು ಓಡಿಸುತ್ತಾಳೆಂದು ಬೀದಿಯವರು ನಗುತ್ತಿದ್ದರು. ಆಟಿಕೆಯೆನ್ನುವವರು ಅದು ಮಣ್ಣಿನ ದಿಬ್ಬದ ಮೇಲಿಂದ ಎಗರಿ ಮೋಟರ್‌ಸೈಕಲ್ಲಿನ ವೇಗದಲ್ಲಿ ಮೈಮೇಲೆ ಬರುವುದನ್ನು ನೋಡಿರಲಿಲ್ಲ, ಅಷ್ಟೆ. ಮೂರು ತಿಂಗಳು ಕೊಂಡಪ್ಪ ಮೇಜಿನ ಸುತ್ತ ಸುಳಿದಾಡಿದ. ಕೊನೆಗೊಂದು ದಿನ ಹರಿತಾ ತಲೆಯೆತ್ತದೆ, “ಅಪ್ಪ, ಈ ವೈರಿನ ಸಿಪ್ಪೆ ಸುಲಿದು ಕೊಡು,” ಎಂದಳು. ಅವನು ಸುಲಿದುಕೊಟ್ಟ. ಒಳಗಿನ ತಾಮ್ರದ ಒಂದು ಕೂದಲೂ ತುಂಡಾಗಿರಲಿಲ್ಲ. ಮಾರನೆಯ ದಿನ ಮೇಜಿನ ಎಡಗಡೆ ಅವನಿಗೆಂದು ಒಂದು ಸ್ಟೂಲು ಬಂತು.

ಆ ಸ್ಟೂಲು ಬಂದ ಮೇಲೆ ಕೊಂಡಪ್ಪ ಬೆಳಿಗ್ಗೆ ಬೇಗ ಏಳತೊಡಗಿದ, ಗಡ್ಡ ಹೆರೆದುಕೊಳ್ಳತೊಡಗಿದ. “ನಮ್ಮ ಯಜಮಾನ್ರು ಮಗಳತ್ರ ಹೆಲ್ಪರ್ರಾಗಿ ಸೇರ್ಕಂಡವ್ರೆ,” ಎಂದು ಚಿನ್ನಕ್ಕ ಪಕ್ಕದ ಮನೆಯವರ ಮುಂದೆ ಹಾಸ್ಯ ಮಾಡಿದಳು. ಅವನಿಗೆ ಅದು ಹಾಸ್ಯವೆನಿಸಲಿಲ್ಲ. ಸುಲಿ ಎಂದರೆ ಸುಲಿದ, ಹಿಡಿ ಎಂದರೆ ಹಿಡಿದ. ಯಾಕೆಂದು ಅವಳು ಹೇಳಲಿಲ್ಲ, ಇವನೂ ಕೇಳಲಿಲ್ಲ. ಆ ಸ್ಟೂಲನ್ನು ಕಳೆದುಕೊಳ್ಳಬಾರದು ಎಂಬುದೊಂದೇ ಅವನಿಗಿದ್ದ ಆಸೆ.

ಫೆಬ್ರವರಿಯಲ್ಲಿ ಕಲ್ಯಾಣದುರ್ಗದಲ್ಲಿ ರಿಮೋಟ್ ಕಾರುಗಳ ಪಂದ್ಯ ಎಂದು ಸುದ್ದಿ ಬಂತು. ನಡೆಸುವವನು ರವಿತೇಜ. ಹೊಲಗಳಿಗೆ ಔಷಧಿ ಹೊಡೆಯುವ ಡ್ರೋನುಗಳ ರಿಪೇರಿ ಅಂಗಡಿ ಅವನದು. ಅದರ ಜೊತೆಗೆ ರಿಮೋಟ್ ಕಾರಿನ ಸಾಮಾನನ್ನೂ ತರಿಸಿ ಮಾರುತ್ತಿದ್ದ. ಹರಿತಾ ಅವನ ಹತ್ತಿರ ಒಂದು ಹೊಸ ಸರ್ವೋ ಕೊಂಡಳು. ಸರ್ವೋ ಎಂದರೆ ಮುಂದಿನ ಚಕ್ರಗಳನ್ನು ಎಡಕ್ಕೂ ಬಲಕ್ಕೂ ತಿರುಗಿಸುವ, ಬೆಂಕಿಪೊಟ್ಟಣದಷ್ಟು ದೊಡ್ಡ ಮೋಟರು. ಇದು ಹೈ ವೋಲ್ಟೇಜಿನದು, ಎಂಟು ವೋಲ್ಟು ಕೊಟ್ಟರೆ ಮಾತ್ರ ತನ್ನ ಪೂರ್ತಿ ಬಲ ತೋರಿಸುವಂಥದು. ಆದರೆ ರಿಮೋಟಿನ ಅಪ್ಪಣೆಯನ್ನು ಗಾಳಿಯಿಂದ ಹಿಡಿದು ಸರ್ವೋಗೆ ದಾಟಿಸುವ ರಿಸೀವರ್ ಹಳೆಯದು. ಆರು ವೋಲ್ಟು ಮೀರಿದರೆ ಅದು ಸುಟ್ಟೇ ಹೋಗುತ್ತದೆ. ಹರಿತಾ ಯೋಚನೆ ಮಾಡಿ ಸರ್ವೋಗೆಂದೇ ಬೇರೆ ಒಂದು ಚಿಕ್ಕ ಬ್ಯಾಟರಿ ಇಟ್ಟಳು. ರಿಸೀವರ್ ಮಾತ್ರ ಎಂದಿನಂತೆ ದೊಡ್ಡ ಬ್ಯಾಟರಿಯ ಕಡೆಯಿಂದಲೇ ಆರು ವೋಲ್ಟು ಪಡೆಯುತ್ತಿತ್ತು. ಸರ್ವೋದ ಕೆಂಪು ಚಿಕ್ಕ ಬ್ಯಾಟರಿಯ ಕೆಂಪಿಗೆ, ಕಪ್ಪು ಕಪ್ಪಿಗೆ, ಬಿಳಿ ರಿಸೀವರಿಗೆ. ಇವು ಮೂರಾದ ಮೇಲೆ ಇನ್ನೊಂದು ಸಣ್ಣ ಕಪ್ಪು ವೈರನ್ನು ಸರ್ವೋದ ಕಪ್ಪಿನಿಂದ ರಿಸೀವರಿನ ಕಪ್ಪಿಗೆ ಬೆಸೆದಳು. ಸಂಜೆ ರಿಮೋಟು ಹಿಡಿದು ತಿರುಗಿಸಿದರೆ ಚಕ್ರಗಳು ಚಟ್ಟನೆ ತಿರುಗಿದವು. ಅವಳ ಮುಖ ಅರಳಿತು.

ಮಾರನೆಯ ದಿನ ಶನಿವಾರ. ಮಧ್ಯಾಹ್ನ ಊಟವಾಗುತ್ತಿದ್ದಂತೆ ಶೆಡ್ಡಿನಿಂದ ಅವಳಿಗೆ ಫೋನು ಬಂತು.

“ಅಪ್ಪ, ಯಾವ್ದೋ ಬೋರ್ಡು ಕೆಟ್ಟೋಗೈತಂತೆ, ನೋಡ್ಬುಟ್ಟು ಬತ್ತೀನಿ. ಈ ವೈರುಗಳು ಗೇರಿಗೆ ತಗಲ್ದಂಗೆ ಒಂದು ಕಟ್ಟು ಕಟ್ಬುಡು. ನಾಳೆ ಬೆಳಿಗ್ಗೇನೆ ಹೊರಡ್ಬೇಕು.”

“ಕಟ್ತೀನಿ ಹೋಗಮ್ಮ,” ಎಂದ ಕೊಂಡಪ್ಪ.

ಕಾರು ಮೊದಲ ಸಲ ಅವನೊಬ್ಬನ ಕೈಗೆ ಸಿಕ್ಕಿತ್ತು. ಕನ್ನಡಕ ಒರೆಸಿಕೊಂಡು ಕೂತ. ವೈರುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ. ಸರ್ವೋದಿಂದ ಹೊರಟದ್ದು ಮೂರು, ಸೇರಬೇಕಾದದ್ದೂ ಮೂರು. ಕೆಂಪು ಕೆಂಪಿಗೆ ಸೇರಿದೆ, ಬಿಳಿ ಬಿಳಿಗೆ ಸೇರಿದೆ. ಕಪ್ಪಿನ ಹತ್ತಿರ ಬಂದಾಗ ಅವನ ಬೆರಳು ನಿಂತಿತು. ಒಂದು ಕಪ್ಪಿಗೆ ಎರಡು ಕಪ್ಪು! ನಲವತ್ತು ವರ್ಷ ಕೆಚ್ಚಿದವನ ಕಣ್ಣಿಗೆ ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿಲ್ಲ. ಮಗು ಅವಸರದಲ್ಲಿ ಜೋಡಿಯೆಳೆ ಹಾಕಿಬಿಟ್ಟಿದೆ ಎಂದುಕೊಂಡ. ಮಗಳ ಮೇಲೆ ಅಕ್ಕರೆಯೂ ಬಂತು. ಎಷ್ಟಾದರೂ ಬೆಸುಗೆಯ ಕೈ, ದಾರದ ಎಳೆ ಹಿಡಿದ ಕೈಯಲ್ಲವಲ್ಲ.

ಹೆಚ್ಚಾದ ವೈರನ್ನು ಎರಡೂ ತುದಿಯಲ್ಲಿ ಬುಡಕ್ಕೆ ಕತ್ತರಿಸಿದ. ಕತ್ತರಿಸಿದ ಜಾಗದ ಮೇಲೆ ಕರಿಯ ಕೊಳವೆ ಸರಿಸಿ ಗಾಯವೇ ಕಾಣದಂತೆ ಮುಚ್ಚಿದ. ಉಳಿದ ವೈರುಗಳನ್ನು ಒಟ್ಟಿಗೆ ಹಿಡಿದು ಕಪ್ಪು ರೇಷ್ಮೆ ದಾರದಿಂದ ಸುತ್ತುತ್ತಾ ಸುತ್ತುತ್ತಾ ತುದಿಯವರೆಗೆ ಕಟ್ಟಿದ. ನೋಡಿದರೆ ನೋಡುತ್ತಲೇ ಇರಬೇಕು, ಅಂಥ ಕಟ್ಟು. ಸೀರೆ ಮಡಿಸುವ ಮೊದಲು ಹೊರಗೆ ಇಣುಕಿದ ಎಳೆಗಳನ್ನು ಕತ್ತರಿಸುವುದು ನೇಕಾರರ ಮನೆಯಲ್ಲಿ ಹೇಳಿ ಮಾಡುವ ಕೆಲಸವಲ್ಲ. ಅದಕ್ಕೇ ಇದನ್ನೂ ಅವನು ಯಾರಿಗೂ ಹೇಳಲಿಲ್ಲ.

ಹರಿತಾ ಮನೆಗೆ ಬಂದಾಗ ಕಾರು ಪೆಟ್ಟಿಗೆ ಸೇರಲು ತಯಾರಾಗಿ ಕೂತಿತ್ತು. “ಏನಪ್ಪಾ ಇದು! ಕಾರಿಗೆ ಜಡೆ ಹೆಣ್ದಂಗೈತೆ!” ಎಂದು ನಕ್ಕಳು. ಕೊಂಡಪ್ಪ ಎದ್ದು ಹೋಗಿ ಎರಡು ಲೋಟ ನೀರು ಕುಡಿದ. ಸಂತೋಷವಾದಾಗ ಅವನಿಗೆ ಬಾಯಾರುತ್ತಿತ್ತು.

ಭಾನುವಾರ ಅವರು ಹತ್ತಿದ ಬಸ್ಸು ರೊದ್ದಂ ದಾಟುವುದಕ್ಕೆ ಮೊದಲೇ ಟೈರು ಪಂಕ್ಚರಾಗಿ ನಿಂತಿತು. ಕಲ್ಯಾಣದುರ್ಗ ಸೇರಿ, ಆಟೋ ಹಿಡಿದು, ಊರಾಚೆ ರವಿತೇಜನ ಹೊಲ ಮುಟ್ಟುವ ಹೊತ್ತಿಗೆ ಹತ್ತೂವರೆ. ಕಡಲೆಕಾಯಿ ಕಿತ್ತ ಹೊಲವನ್ನು ಟ್ಯಾಂಕರಿನಿಂದ ನೀರು ಹಾಕಿ ಗಟ್ಟಿ ಮಾಡಿ, ಅಂಕುಡೊಂಕು ದಾರಿ ಎಳೆದು, ಅಂಚಿಗೆ ಪೈಪು ಹಾಸಿದ್ದರು. ನಡುವೆ ಅಲ್ಲಲ್ಲಿ ಮಣ್ಣಿನ ದಿಬ್ಬ. ಓಡಿಸುವವರು ನಿಲ್ಲುವುದಕ್ಕೆ ಎರಡು ಟ್ರ್ಯಾಕ್ಟರ್ ಟ್ರೇಲರು. ರವಿತೇಜನ ತಾಯಿ ಮುನೆಮ್ಮ ಒಂದು ಮೂಲೆಯಲ್ಲಿ ಒಗ್ಗರಣೆ ಮಂಡಕ್ಕಿಯನ್ನೂ ಬಜ್ಜಿಯನ್ನೂ ಬಂದವರಿಗೆಲ್ಲ ಹಂಚುತ್ತಿದ್ದಳು. ಅನಂತಪುರ, ಬಳ್ಳಾರಿ, ಬೆಂಗಳೂರಿನಿಂದಲೂ ಜನ ಬಂದಿದ್ದರು. ರವಿತೇಜನ ಚಿಕ್ಕಪ್ಪ ಓಬುಳಪತಿ ಮೈಕಿನಲ್ಲಿ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಕೂಗುತ್ತಿದ್ದ.

ಹರಿತಾಳ ಹೆಸರನ್ನು ಆಗಲೇ ಎರಡು ಸಲ ಕೂಗಿ ಆಗಿತ್ತು. ಅವಳು ಪೆಟ್ಟಿಗೆಯಿಂದ ಕಾರು ತೆಗೆದು, ಬ್ಯಾಟರಿ ಸಿಕ್ಕಿಸಿ, ಸ್ವಿಚ್ಚು ಹಾಕಿ ಗೆರೆಯ ಮೇಲಿಟ್ಟು ಓಡಿಹೋಗಿ ಟ್ರೇಲರು ಹತ್ತಿದಳು. ಚಕ್ರ ತಿರುಗಿಸಿ ನೋಡಲು ಪುರಸೊತ್ತಿರಲಿಲ್ಲ. ಮೊನ್ನೆಯಷ್ಟೇ ನೋಡಿದ್ದಳಲ್ಲ, ನೋಡಬೇಕೆಂದು ಅನಿಸಲೂ ಇಲ್ಲ.

ಸೀಟಿ ಊದಿದರು. ಎಂಟು ಕಾರುಗಳು ಕೆಂಪು ದೂಳೆಬ್ಬಿಸಿ ಚಿಮ್ಮಿದವು. ಮೊದಲ ತಿರುವಿನಲ್ಲಿ ಏಳು ತಿರುಗಿದವು. ಹರಿತಾಳ ಕಾರಿನ ಮುಂದಿನ ಚಕ್ರ ಜ್ವರ ಬಂದವರ ಹಾಗೆ ಗಡಗಡ ನಡುಗಿತು, ಒಮ್ಮೆ ಎಡಕ್ಕೆ ಎಳೆಯಿತು, ಒಮ್ಮೆ ಬಲಕ್ಕೆ ಎಳೆಯಿತು, ಕೊನೆಗೆ ಕಾರು ನೆಟ್ಟಗೆ ಹೋಗಿ ಪೈಪಿಗೆ ಬಡಿದು ಮಗುಚಿಕೊಂಡಿತು. ಎತ್ತಿ ನಿಲ್ಲಿಸಿದರೆ ಮತ್ತೆ ಹಾಗೆಯೇ. ಮೂರು ಸಲ ಮಗುಚಿದ ಮೇಲೆ ಅವಳು ರಿಮೋಟನ್ನು ಕೆಳಗಿಳಿಸಿದಳು. ಎರಡು ಸುತ್ತಿನ ಅಂಕ ಕೂಡಿಸಿ ಮೊದಲ ಎಂಟು ಮಂದಿಗೆ ಫೈನಲು ಎಂಬುದು ಅಲ್ಲಿಯ ನಿಯಮ. ಮೊದಲ ಸುತ್ತಿನಲ್ಲಿ ಅವಳಿಗೆ ಸಿಕ್ಕಿದ್ದು ಸೊನ್ನೆ.

ಕಾರನ್ನು ತಂದು ಮೇಜಿನ ಮೇಲಿಟ್ಟು ಮೀಟರು ಹಚ್ಚಿದಳು. ಬ್ಯಾಟರಿ ಸರಿಯಿತ್ತು. ರಿಸೀವರಿನ ದೀಪ ಉರಿಯುತ್ತಿತ್ತು. ಅವಳ ಮುಖ ಬಿಗಿಯುತ್ತಾ ಬಂತು. ಸುದ್ದಿ ಕೇಳಿ ರವಿತೇಜನೇ ಬಂದ.

“ಏನಾಯ್ತು ಹರಿತಾ?”

“ನೀವೇ ಹೇಳ್ಬೇಕು ಅಣ್ಣ. ಇದು ಹೊಸ ಸರ್ವೋ ಅಲ್ಲ. ಯಾರೋ ವಾಪಸ್ ಕೊಟ್ಟಿದ್ದನ್ನ ಡಬ್ಬಿಗಾಕಿ ನನಗೆ ಕೊಟ್ಟಿದೀರ.”

ಅಕ್ಕಪಕ್ಕದ ಮೇಜಿನವರು ತಿರುಗಿ ನೋಡಿದರು. ರವಿತೇಜನ ಮುಖದ ಬಣ್ಣ ಬದಲಾಯಿತು. “ಮಾತು ನೋಡ್ಕಂಡು ಆಡಮ್ಮ. ಊರೂರಿನ ಜನ ಬಂದವ್ರೆ ಇಲ್ಲಿ. ಸೀಲು ನಿನ್ನ ಕಣ್ಮುಂದೇನೆ ಒಡ್ದಿದ್ದು. ಮೊದ್ಲು ವೈರಿಂಗ್ ನೋಡ್ಕೋ.”

“ವೈರಿಂಗ್ ನಂದು. ಎಂಟು ಪಾಯಿಂಟ್ ಎರಡು ವೋಲ್ಟ್ ಐತೆ, ಮೀಟರ್ ನೋಡಿ. ಎರಡು ಬ್ಯಾಟ್ರಿ ಕಪ್ಪು ವೈರು ಒಂದುಕ್ಕೊಂದು ಸೇರಿರ್ಬೇಕು, ಇಲ್ದಿದ್ರೆ ರಿಸೀವರ್ ಹೇಳೋದು ಸರ್ವೋಗೆ ತಿಳಿಯಾಕಿಲ್ಲ ಅಂಬೋದು ನಂಗೊತ್ತಿಲ್ವಾ? ನನ್ನ ಕೈಯಾರೆ ಬೆಸ್ದಿದ್ದೀನಿ ಆ ವೈರು. ನನ್ನ ಕೈಕೆಲ್ಸ ನಂಗೊತ್ತು.”

ಬಜ್ಜಿಯ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದ ಕೊಂಡಪ್ಪನ ಕಿವಿಗೆ ಆ ಮಾತು ಬಿತ್ತು. ಆ ವೈರು. ಅದರ ತುಂಡು ಈಗ ಹಿಂದೂಪುರದ ಮನೆಯ ಕಸದ ಬುಟ್ಟಿಯಲ್ಲಿ ಬಿದ್ದಿತ್ತು. ಅವನು ಮೆಲ್ಲಗೆ ತಟ್ಟೆಯನ್ನು ಕೆಳಗಿಟ್ಟ.

ಹೇಳಿಬಿಡಬೇಕೆಂದು ಒಂದು ಮನಸ್ಸು. ಹೇಳಿದರೆ ಆ ಸ್ಟೂಲು ಹೋಯಿತೆಂದೇ ಲೆಕ್ಕ, ಮತ್ತೆ ಡಬ್ಬಿ ಜೋಡಿಸಿ ಸೌಟಿನ ಏಟು ತಿನ್ನುವುದೇ ಗತಿ, ಎಂದು ಇನ್ನೊಂದು ಮನಸ್ಸು. ಸುಮ್ಮನಿದ್ದರೆ ಏನಾಗುತ್ತದೆ? ಗಾಯ ಕಾಣದ ಹಾಗೆ ಮುಚ್ಚಿದೆ, ಮೇಲೆ ರೇಷ್ಮೆಯ ಕಟ್ಟಿದೆ. ಇವತ್ತು ಇವಳು ಅದನ್ನು ಬಿಚ್ಚುವುದಿಲ್ಲ. ಊರಿಗೆ ಹೋದ ಮೇಲೆ ಯಾರೂ ಇಲ್ಲದಾಗ ತಾನೇ ಒಂದು ವೈರು ಸೇರಿಸಿಟ್ಟರೆ ಯಾರಿಗೂ ತಿಳಿಯುವುದಿಲ್ಲ. ಹೀಗೆಲ್ಲ ಯೋಚಿಸಿದ ಕೊಂಡಪ್ಪ ಕೆಟ್ಟವನೇನಲ್ಲ. ಹೆದರಿದ್ದ, ಅಷ್ಟೆ.

ಅಷ್ಟರಲ್ಲಿ ರವಿತೇಜ ತನ್ನ ಕಾರನ್ನು ತಂದು ಅದೇ ಮೇಜಿನ ಮೇಲೆ ಕುಕ್ಕಿದ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದ. “ತಗೋ. ಮುಂದಿನ ಗುಂಪಿನಾಗೆ ನಂದು ಐತೆ, ಓಡ್ಸಲ್ಲ ಬಿಡು. ನನ್ನ ಕಾರಿನ ಸರ್ವೋನೇ ಕಿತ್ತು ಕೊಡ್ತೀನಿ. ಕಲ್ಯಾಣದುರ್ಗದೋನು ಮೋಸ ಮಾಡ್ದ ಅಂತ ಹೇಳ್ಕಂಡು ಹೋಗೋದು ಬ್ಯಾಡ.” ಮೊದಲ ಸ್ಕ್ರೂ ಅರ್ಧ ಮೇಲೆ ಬಂದಿತ್ತು.

ಕೊಂಡಪ್ಪ ಮುಂದೆ ಬಂದು ಅವನ ಮಣಿಕಟ್ಟು ಹಿಡಿದುಕೊಂಡ.

“ಬಿಚ್ಬ್ಯಾಡ ಕಣಪ್ಪ. ನಿನ್ನ ಸಾಮಾನು ಚೆನ್ನಾಗೈತೆ. ಕೆಡಿಸ್ದೋನು ನಾನು.” ಮಗಳ ಕಡೆ ತಿರುಗಲು ಅವನಿಗೆ ಧೈರ್ಯ ಸಾಲಲಿಲ್ಲ, ಕಾರನ್ನು ನೋಡುತ್ತಲೇ ಹೇಳಿದ. “ಆ ಕಪ್ಪು ವೈರು ಕತ್ತರ್ಸ್ಬುಟ್ಟೆ ಕಣಮ್ಮ ನಾನು. ಒಂದುಕ್ಕೆ ಎರಡು ಸೇರ್ಕಂಡೈತೆ, ಹೆಚ್ಚಾಗೈತೆ ಅನ್ಕಂಡೆ.”

ಹರಿತಾ ಬ್ಲೇಡು ತೆಗೆದುಕೊಂಡು ರೇಷ್ಮೆಯ ಕಟ್ಟನ್ನು ಉದ್ದಕ್ಕೂ ಸೀಳಿದಳು. ಕರಿಯ ಕೊಳವೆಯನ್ನು ಉಗುರಿನಿಂದ ಸರಿಸಿದಳು. ಬುಡಕ್ಕೆ ಕತ್ತರಿಸಿದ ತಾಮ್ರ ಬಿಸಿಲಿಗೆ ಮಿನುಗಿತು.

“ಕಟ್ಟು ಅಂದೆ ನಾನು. ಕತ್ತರ್ಸು ಅಂದ್ನಾ?”

“ಇಲ್ಲ.”

“ಹೇಳ್ಬೇಕಲ್ವಾ? ಒಂದು ಮಾತು? ಬಸ್ಸಿನಾಗೆ ಮೂರು ಗಂಟೆ ಪಕ್ಕದಾಗೆ ಕೂತಿದ್ಯಲ್ಲ!”

“ತಪ್ಪು ಅಂತ ಗೊತ್ತಿದ್ರೆ ತಾನೆ ಹೇಳೋದು.”

“ಇನ್ಮೇಲೆ ನನ್ನ ಮೇಜಿನತ್ರ ಬರ್ಬ್ಯಾಡ ನೀನು.”

ಅವಳು ಕೂಗಿ ಹೇಳಿದ್ದರೆ ಕೊಂಡಪ್ಪನಿಗೆ ಇಷ್ಟು ನೋವಾಗುತ್ತಿರಲಿಲ್ಲ. ಮೆಲ್ಲಗೆ ಹೇಳಿದಳು. ರವಿತೇಜ ತನ್ನ ಕಾರೆತ್ತಿಕೊಂಡು, ಸ್ಕ್ರೂ ಬಿಗಿಸುತ್ತಾ ಟ್ರೇಲರಿನ ಕಡೆ ನಡೆದ.

ಮೈಕು ಮತ್ತೆ ಕಿರುಚಿತು. ಓಡಿಸಿದವರು ಮುಂದಿನ ಗುಂಪು ಓಡುವಾಗ ಮೈದಾನದಲ್ಲಿ ನಿಂತು, ಮಗುಚಿದ ಕಾರುಗಳನ್ನು ಎತ್ತಿ ನಿಲ್ಲಿಸಬೇಕು. ರಿಮೋಟ್ ಕಾರಿನವರಲ್ಲಿ ಎಲ್ಲ ಕಡೆಯೂ ಇರುವ ಪದ್ಧತಿ ಅದು. ನಿಲ್ಲದವರಿಗೆ ಅಂಕ ಕಡಿತ. “ಹಿಂದೂಪುರಂ ಹರಿತಾ, ಮೂರೋ ದಿಬ್ಬ! ಎಲ್ಲಿದೀಯಮ್ಮಾ, ಬೇಗ ರಾ!” ಎಂದು ಓಬುಳಪತಿ ಕೂಗಿದ. ಹರಿತಾ ಒಂದು ಕೈಯಲ್ಲಿ ಬೆಸುಗೆಯ ಕಡ್ಡಿ ಹಿಡಿದು ನಿಂತಿದ್ದಳು. ಅವಳು ಹೋದರೆ ವೈರು ಸೇರುವುದಿಲ್ಲ, ಹೋಗದಿದ್ದರೆ ಎರಡನೆಯ ಸುತ್ತಿನ ಅಂಕವೂ ಕೈಬಿಡುತ್ತದೆ.

“ನಾನು ಹೋಯ್ತೀನಿ,” ಎಂದ ಕೊಂಡಪ್ಪ. ಅವಳು ಕಡ್ಡಿಯನ್ನು ಕಾಯಲು ಇಟ್ಟಳು. ಅವನು ಪಂಚೆ ಎತ್ತಿ ಕಟ್ಟಿಕೊಂಡು ಹೊರಟ.

ಅರವತ್ತೊಂದರ ಕೊಂಡಪ್ಪ ಕಾರು ಎತ್ತುವವರಿಗೆ ಕೊಡುವ ಕಿತ್ತಳೆ ಬಣ್ಣದ ಕೋಟು ತೊಟ್ಟು ಮೂರನೆಯ ದಿಬ್ಬದ ಪಕ್ಕ ನಿಂತದ್ದನ್ನು ಬೀದಿಯವರು ನೋಡಿದ್ದರೆ ಒಂದು ವರ್ಷ ನಗುತ್ತಿದ್ದರು. ಮೊದಲು ಮಗುಚಿದ ಕಾರನ್ನು ಓಡಿಹೋಗಿ ಎತ್ತಿದ, ಎತ್ತಿದವನು ಅದರ ಮುಖವನ್ನು ಬಂದ ದಾರಿಗೇ ತಿರುಗಿಸಿ ಇಟ್ಟ. “ಅಟು ಕಾದು ತಾತಾ, ಆ ಕಡೆ ಅಲ್ಲ, ಈ ಕಡೆ!” ಎಂದು ಟ್ರೇಲರಿನ ಮೇಲಿಂದ ಯಾರೋ ಅಂಗಲಾಚಿದರು. ತಾತ ಎಂದದ್ದಕ್ಕೆ ಸಿಟ್ಟು ಬಂದರೂ ಕಾರನ್ನು ತಿರುಗಿಸಿಟ್ಟ. ಎರಡನೆಯದು ಹಾರಿ ಬಂದು ಅವನ ಕಣಕಾಲಿಗೇ ಬಡಿಯಿತು. ಕಣ್ಣಲ್ಲಿ ನೀರು ಬಂತು. ಕುಂಟುತ್ತಲೇ ಅದನ್ನೂ ಎತ್ತಿ ದಾರಿಗೆ ಬಿಟ್ಟ. ಮೂರನೆಯದು ರವಿತೇಜನದು. ಅದನ್ನು ಮಾತ್ರ ಮಗುಚುವುದಕ್ಕೆ ಮೊದಲೇ, ವಾಲುತ್ತಿದ್ದಂತೆಯೇ, ಹೋಗಿ ಹಿಡಿದ.

ಏಳು ನಿಮಿಷ ಅವನು ಒಂದು ಗಳಿಗೆಯೂ ಕೂರಲಿಲ್ಲ. ಕಾರುಗಳು ಇಲ್ಲಿ, ಓಡಿಸುವವರು ಅಷ್ಟು ದೂರದ ಟ್ರೇಲರಿನ ಮೇಲೆ. ನಡುವೆ ಒಂದು ಎಳೆಯೂ ಇಲ್ಲ. ಆದರೂ ಬೆರಳು ಅಲ್ಲಿ ಆಡಿದರೆ ಚಕ್ರ ಇಲ್ಲಿ ತಿರುಗುತ್ತಿತ್ತು. ಇಷ್ಟು ದಿನ ವೈರು ಸುಲಿದುಕೊಟ್ಟೂ ಇದು ಹೇಗೆಂದು ತಾನು ಒಮ್ಮೆಯೂ ಕೇಳಲಿಲ್ಲವಲ್ಲ ಎಂದು ಕೊಂಡಪ್ಪನಿಗೆ ನಾಚಿಕೆಯಾಯಿತು. ಸ್ಟೂಲು ಸಿಗಲಿ ಬಿಡಲಿ, ಆ ಕಪ್ಪು ವೈರು ಯಾಕೆ ಬೇಕಿತ್ತು ಎಂಬುದನ್ನು ತಿಳಿದುಕೊಳ್ಳದೆ ಈ ಊರು ಬಿಡುವುದಿಲ್ಲ ಎಂದು ಅಲ್ಲೇ, ಆ ದೂಳಿನಲ್ಲಿ ನಿಂತು ಗಟ್ಟಿಮಾಡಿಕೊಂಡ.

ಎರಡನೆಯ ಸುತ್ತಿಗೆ ಹರಿತಾ ತಯಾರಾಗಿದ್ದಳು. ಈ ಸಲ ಗೆರೆಯ ಮೇಲಿಡುವ ಮೊದಲು ಚಕ್ರವನ್ನು ಹತ್ತು ಸಲ ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. ಕೊಂಡಪ್ಪ ನೀರಿನ ಟ್ಯಾಂಕರಿನ ಮರೆಯಲ್ಲಿ ನಿಂತು ನೋಡಿದ. ಮೊದಲ ತಿರುವಿನಲ್ಲಿ ಕಾರು ಅಂಚಿನ ಪೈಪಿಗೆ ಎರಡಂಗುಲ ಬಿಟ್ಟು ನುಣ್ಣಗೆ ತಿರುಗಿತು. ದಿಬ್ಬದ ಮೇಲಿಂದ ಹಾರಿ ಬಿದ್ದರೂ ಚಕ್ರ ಅಲುಗಲಿಲ್ಲ. ಹೊಸ ಸರ್ವೋ ತನ್ನ ಬಲವನ್ನೆಲ್ಲ ತೋರಿಸಿತು. ತನ್ನ ಗುಂಪಿನಲ್ಲಿ ಅವಳು ಎರಡನೆಯವಳಾಗಿ ಮುಗಿಸಿದಳು. ಕೊಂಡಪ್ಪ ಒಬ್ಬನೇ ಚಪ್ಪಾಳೆ ತಟ್ಟಿದ, ಆಮೇಲೆ ಯಾರಾದರೂ ನೋಡಿದರೇನೋ ಎಂದು ನಿಲ್ಲಿಸಿದ.

ಎರಡೂ ಸುತ್ತಿನ ಅಂಕ ಕೂಡಿಸಿದಾಗ ಹರಿತಾ ಒಂಬತ್ತನೆಯವಳು. ಫೈನಲು ಎಂಟು ಮಂದಿಗೆ. ಬೆಳಗಿನ ಸೊನ್ನೆಯ ಜಾಗದಲ್ಲಿ ಏನಾದರೂ ಚೂರು ಇದ್ದಿದ್ದರೂ ಸಾಕಾಗುತ್ತಿತ್ತು. ಪಟ್ಟಿ ಓದಿ ಮುಗಿಸಿದ ಓಬುಳಪತಿಯ ಹತ್ತಿರ ಹೋಗಿ ಅವಳು ಮೈಕು ಕೇಳಿದಳು. ಪಟ್ಟಿಯ ಬಗ್ಗೆ ಜಗಳ ತೆಗೆಯುತ್ತಾಳೆಂದು ಅವನು ಅನುಮಾನಿಸುತ್ತಲೇ ಕೊಟ್ಟ.

“ಬೆಳಿಗ್ಗೆ ರವಿತೇಜ ಅಣ್ಣಂಗೆ ಎಲ್ಲರ ಮುಂದೆ ಮೋಸ ಮಾಡಿದ್ರಿ ಅಂದೆ ನಾನು. ಅದು ಸುಳ್ಳು. ಸರ್ವೋ ಚೆನ್ನಾಗೈತೆ, ಈಗ್ಲೇ ನೋಡಿದ್ರಲ್ಲ. ಕೆಟ್ಟಿದ್ದು ನನ್ನ ಕಾರಿನ ವೈರಿಂಗು. ಓಡ್ಸಾಕ್ ಮುಂಚೆ ನೋಡ್ಬೇಕಿತ್ತು, ನೋಡ್ಲಿಲ್ಲ. ತಪ್ಪು ನಂದು. ಕ್ಷಮಿಸ್ಬುಡಿ ಅಣ್ಣ.”

ಮೈಕು ಹಿಂದಕ್ಕೆ ಕೊಟ್ಟು ಇಳಿದುಬಂದಳು. ಅಪ್ಪನ ಹೆಸರು ಎತ್ತಲಿಲ್ಲ. ಟ್ಯಾಂಕರಿನ ಮರೆಯಲ್ಲಿದ್ದ ಕೊಂಡಪ್ಪನಿಗೆ ಮಗಳು ಬೈದಾಗ ಬಾರದ ಅಳು ಈಗ ಬಂತು. ಟವೆಲಿನಿಂದ ಮುಖ ಒರೆಸಿಕೊಂಡ. ಯಾರೂ ಕೇಳದಿದ್ದರೂ, ದೂಳು ಜಾಸ್ತಿ ಎಂದು ಪಕ್ಕದಲ್ಲಿದ್ದವನಿಗೆ ಹೇಳಿದ.

ಫೈನಲಿನ ಕಾರುಗಳು ಗೆರೆಗೆ ಬರುತ್ತಿದ್ದವು. ಜನರೆಲ್ಲ ಆ ಕಡೆ ಹೋದರು. ಹರಿತಾ ಒಬ್ಬಳೇ ಮೇಜಿನ ಹತ್ತಿರ ಸಾಮಾನು ಪೆಟ್ಟಿಗೆಗೆ ಹಾಕುತ್ತಿದ್ದಳು. ಕೊಂಡಪ್ಪ ಕುಂಟುತ್ತಾ ಬಂದು, ಮೇಜನ್ನು ಮುಟ್ಟದೆ, ನಾಲ್ಕು ಮಾರು ದೂರದಲ್ಲಿ ನಿಂತ.

“ಹರಿತಾ, ಒಂದು ಕೇಳ್ತೀನಿ.”

“ಏನು?”

“ಆ ಕಪ್ಪು ವೈರು ಯಾಕ್ ಬೇಕಿತ್ತು?”

“ಈಗ ಕೇಳ್ತೀಯ?”

“ಈಗ್ಲೇ ಕೇಳ್ತೀನಿ. ನಿನ್ನೆ ಕೇಳ್ಬೇಕಿತ್ತು, ಕೇಳ್ಲಿಲ್ಲ. ಕೇಳಿ ಅಭ್ಯಾಸ ಇಲ್ಲ ಕಣಮ್ಮ ನಂಗೆ. ಸಣ್ಣೋಳಿದ್ದಾಗ ನೀನು ಮಗ್ಗದತ್ರ ಬಂದು ಇದ್ಯಾಕೆ, ಅದ್ಯಾಕೆ ಅಂತಿದ್ದೆ. ಹೇಳ್ದಷ್ಟು ಮಾಡು ಅಂತ ಗದರಿಸ್ತಿದ್ದೆ ನಾನು. ಯಾಕೆ ಅಂಬೋದು ನಂಗೂ ಯಾರೂ ಹೇಳಿರ್ಲಿಲ್ಲ.”

ಹರಿತಾಳ ಕೈ ನಿಂತಿತು. ಅವಳ ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಹೋಗಬೇಕಾದ ದಾರಿ ತಪ್ಪಿ ನಿಂತಿತು.

“ನಾನು ಮಾಡಿದ್ದೂ ಅದೇ ಅಲ್ವಾ,” ಎಂದಳು, ಅಪ್ಪನಿಗಿಂತ ಹೆಚ್ಚಾಗಿ ತನಗೇ ಹೇಳಿಕೊಳ್ಳುವಂತೆ. “ಸುಲಿ ಅಂದೆ, ಹಿಡಿ ಅಂದೆ, ಕಟ್ಟು ಅಂದೆ.” ಕಾರನ್ನು ಮತ್ತೆ ಪೆಟ್ಟಿಗೆಯಿಂದ ಹೊರಗೆ ತೆಗೆದಳು. “ಇಲ್ಲಿ ಬಾ. ರಿಸೀವರ್ ಈ ಬಿಳಿ ವೈರಿನಾಗೆ ಸರ್ವೋಗೆ ಹೇಳ್ತೈತೆ, ಇಷ್ಟು ಎತ್ತರ ಅಂತ. ಎಲ್ಲಿಂದ ಎತ್ತರ? ಕಪ್ಪಿನಿಂದ. ಕಪ್ಪೇ ನೆಲ. ಎರಡು ಬ್ಯಾಟ್ರಿ ಅಂದ್ರೆ ಎರಡು ನೆಲ. ಅವನು ಮಾಳಿಗೆ ಮೇಲೆ ನಿಂತು ಅಳ್ದು, ಇವನು ಬಾವಿಯಾಗೆ ನಿಂತು ಕೇಳಿಸ್ಕಂಡ್ರೆ ಲೆಕ್ಕ ಕೂಡ್ತೈತಾ? ಎರಡು ನೆಲಾನೂ ಒಂದು ಮಾಡ್ಬೇಕು. ಅದುಕ್ಕೇ ಆ ವೈರು.”

ಕೊಂಡಪ್ಪ ಕಾರಿನ ಮೇಲೆ ಬಗ್ಗಿ, ಮುಟ್ಟದೆ, ಬೆರಳನ್ನು ಗಾಳಿಯಲ್ಲೇ ಆಡಿಸುತ್ತಾ ವೈರುಗಳ ದಾರಿ ಹಿಡಿದು ಹೋದ. ಚಿಕ್ಕ ಬ್ಯಾಟರಿಯಿಂದ ಸರ್ವೋಗೆ, ಸರ್ವೋದಿಂದ ರಿಸೀವರಿಗೆ, ಅಲ್ಲಿಂದ ದೊಡ್ಡ ಬ್ಯಾಟರಿಗೆ. “ಹಂಗಾದ್ರೆ ಇದು ಜೋಡಿಯೆಳೆ ಅಲ್ಲ,” ಎಂದ ಕೊನೆಗೆ. “ಇದಿಲ್ದಿದ್ರೆ ಉಳಿದ ಮೂರೂ ದಂಡ.”

“ಹೂಂ.”

ಹರಿತಾ ಕಟರು ತೆಗೆದುಕೊಂಡು, ತಾನು ಬೆಳಿಗ್ಗೆ ಬೆವರಿಳಿಸಿ ಬೆಸೆದಿದ್ದ ಆ ಕಪ್ಪು ವೈರನ್ನು ಎರಡೂ ಕಡೆ ಕತ್ತರಿಸಿ ಬಿಸಾಡಿದಳು. ಕೊಂಡಪ್ಪ ಅಯ್ಯೋ ಎಂದ. “ಈಗ ನೀನು ಹಾಕು,” ಎಂದು ಕಾಯ್ದ ಕಡ್ಡಿಯನ್ನು ಅವನ ಮುಂದೆ ಸರಿಸಿದಳು. “ನಾನು ಮುಟ್ಟಾಕಿಲ್ಲ.”

ಆ ಕಡೆ ಫೈನಲಿನ ಸೀಟಿ ಊದಿದರು, ಜನ ಹೋ ಎಂದರು. ಇಬ್ಬರೂ ತಲೆಯೆತ್ತಲಿಲ್ಲ. ಕೊಂಡಪ್ಪ ಒಂದು ತುಂಡು ವೈರು ಸುಲಿದ. ಸುಲಿಯಲು ಪಳಗಿದ ಕೈಗೆ ಕಡ್ಡಿ ಹೊಸದು. ಸೀಸ ಒಂದು ಕಡೆ ಕರಗಿದರೆ ವೈರು ಇನ್ನೊಂದು ಕಡೆ ಸರಿಯುತ್ತಿತ್ತು. ಹೆಬ್ಬೆರಳು ಎರಡು ಸಲ ಸುಟ್ಟಿತು, ಬಾಯಲ್ಲಿಟ್ಟುಕೊಂಡು ಮತ್ತೆ ಹಿಡಿದ. ಹರಿತಾ ತನ್ನ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಇಟ್ಟುಕೊಂಡು, ಸಹಾಯಕ್ಕೆ ಹೋಗದೆ, ಕಷ್ಟಪಟ್ಟು ನಿಂತಿದ್ದಳು. ಅಂತೂ ಎರಡು ಕಡೆಯೂ ಕಡಲೆಬೇಳೆ ಗಾತ್ರದ ಗಂಟುಗಳಾಗಿ ವೈರು ಕೂತಿತು.

ಅವಳು ರಿಮೋಟನ್ನು ಅವನ ಕೈಗಿಟ್ಟಳು. ಕೊಂಡಪ್ಪ ಸ್ವಿಚ್ಚು ಹಾಕಿ, ಉಸಿರು ಹಿಡಿದು ತಿರುಗಿಸಿದ. ಚಕ್ರಗಳು ಎಡಕ್ಕೆ ತಿರುಗಿದವು. ಬಲಕ್ಕೆ ತಿರುಗಿಸಿದರೆ ಬಲಕ್ಕೆ.

“ಆಡ್ತೈತೆ ಕಣಪ್ಪ!” ಎಂದಳು ಹರಿತಾ.

ಕೊಂಡಪ್ಪ ಕನ್ನಡಕ ಮೇಲೆತ್ತಿ ಬೆಸುಗೆಯ ಗಂಟುಗಳನ್ನು ಹತ್ತಿರದಿಂದ ನೋಡಿದ. ಮುಖ ಸಿಂಡರಿಸಿದ.

“ಆಡೋದೇನೋ ಆಡ್ತೈತೆ. ಕೆಲ್ಸ ಗಲೀಜಾಗೈತೆ. ಇದುನ್ನ ಕತ್ತರ್ಸ್ಬುಡಮ್ಮ, ಇನ್ನೊಂದ್ಸಲ ಹಾಕ್ತೀನಿ.”

ಹರಿತಾ ಕಟರನ್ನು ಅವನ ಕಡೆ ಚಾಚಿದಳು.

“ನೀನೇ ಕತ್ತರ್ಸು,” ಎಂದಳು.